ಮಾಲಿಕ್ಯುಲರ್ ಬಯಾಲಜಿ ಸಂಶೋಧಕರ ಪ್ರಕಟಣೆ ಪಟ್ಟಿ ಓದುವುದು ಹೇಗೆ? ಸೈಟೇಶನ್ ಲೆಕ್ಕದ ಸಮಗ್ರ ಮಾರ್ಗದರ್ಶಿ

ಪಿಎಚ್‌ಡಿಗೆ ಗೈಡ್ ಹುಡುಕುವವರು, ಪೋಸ್ಟ್‌ಡಾಕ್‌ಗೆ (ಪಿಎಚ್‌ಡಿ ನಂತರದ ಸಂಶೋಧನಾ ಹುದ್ದೆ) ಅರ್ಜಿ ಹಾಕುವವರು, ಆಯ್ಕೆ ಸಮಿತಿಯಲ್ಲಿ ಕೂತವರು, ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಸಂಶೋಧಕರ ಹೆಸರನ್ನು ಗೂಗಲ್ ಸ್ಕಾಲರ್‌ನಲ್ಲಿ ಹುಡುಕುತ್ತಾರೆ. ಪಕ್ಕದಲ್ಲೇ ಒಂದು ಪುಟ್ಟ ಕೋಷ್ಟಕ ಬರುತ್ತದೆ. ಒಟ್ಟು ಸೈಟೇಶನ್ (ಬೇರೆ ಪೇಪರ್‌ಗಳು ಇವರ ಕೆಲಸವನ್ನು ಉಲ್ಲೇಖಿಸಿದ ಲೆಕ್ಕ) ಇಷ್ಟು, ಎಚ್-ಇಂಡೆಕ್ಸ್ ಇಷ್ಟು, ಐ10-ಇಂಡೆಕ್ಸ್ ಇಷ್ಟು. ಅದನ್ನು ನೋಡಿ "ದೊಡ್ಡ ಹೆಸರೇ ಬಿಡಿ" ಅಂತಲೋ, "ಯಾಕೋ ಕಡಿಮೆ ಇದೆಯಲ್ಲ" ಅಂತಲೋ ತೀರ್ಮಾನ ಆಗಿಬಿಡುತ್ತದೆ.

ಮಾಲಿಕ್ಯುಲರ್ ಬಯಾಲಜಿಯಲ್ಲಿ ಈ ಅವಸರ ಕೈಕೊಡುವುದೇ ಜಾಸ್ತಿ. 2014ರಲ್ಲಿ ನೇಚರ್ ಪತ್ರಿಕೆ ಅಲ್ಲಿಯವರೆಗೆ ಅತಿ ಹೆಚ್ಚು ಸೈಟ್ ಆದ ನೂರು ಪೇಪರ್‌ಗಳ ಪಟ್ಟಿ ಮಾಡಿತು. ಮೊದಲ ಸ್ಥಾನದಲ್ಲಿದ್ದದ್ದು 1951ರ ಲೌರಿ ಪೇಪರ್. ದ್ರಾವಣದಲ್ಲಿ ಪ್ರೋಟೀನ್ ಎಷ್ಟಿದೆ ಎಂದು ಅಳೆಯುವ ವಿಧಾನ ಅದು. ಆಗಲೇ 3 ಲಕ್ಷ ಸೈಟೇಶನ್ ದಾಟಿತ್ತು. ಡಿಎನ್‌ಎಯ ಜೋಡಿ ಸುರುಳಿ ರಚನೆಯನ್ನು ಜಗತ್ತಿಗೆ ತಿಳಿಸಿದ 1953ರ ವಾಟ್ಸನ್-ಕ್ರಿಕ್ ಪೇಪರ್ ಎಷ್ಟನೇ ಸ್ಥಾನದಲ್ಲಿತ್ತು ಗೊತ್ತಾ? ಆ ನೂರರಲ್ಲಿ ಅದು ಇರಲೇ ಇಲ್ಲ!

ಎರಡನೇ ಸ್ಥಾನದ ಪೇಪರ್ ಇನ್ನೂ ಸ್ವಾರಸ್ಯಕರ. 1970ರಲ್ಲಿ ಲೆಮ್ಲಿ ಬರೆದದ್ದು. ಅದರ ವಿಷಯ, ಟಿ4 ಎಂಬ ಬ್ಯಾಕ್ಟೀರಿಯೋಫೇಜ್‌ನ (ಬ್ಯಾಕ್ಟೀರಿಯಾಗೆ ತಗಲುವ ವೈರಸ್) ತಲೆ ಕಟ್ಟಿಕೊಳ್ಳುವಾಗ ಅದರ ಪ್ರೋಟೀನ್‌ಗಳು ಹೇಗೆ ಕತ್ತರಿಸಲ್ಪಡುತ್ತವೆ ಎಂಬುದು. ಸೈಟ್ ಮಾಡಿದ ಲಕ್ಷಾಂತರ ಪೇಪರ್‌ಗಳಲ್ಲಿ ಬಹುಪಾಲಿಗೆ ಆ ಫೇಜ್‌ನ ಉಸಾಬರಿಯೇ ಇಲ್ಲ. ಅವರಿಗೆ ಬೇಕಾದದ್ದು ಅದರಲ್ಲಿ ವಿವರಿಸಿದ, ಪ್ರೋಟೀನ್‌ಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಲು ಜೆಲ್ ಓಡಿಸುವ ವಿಧಾನ.

ಅಂದರೆ ಸೈಟೇಶನ್ ಹೇಳುವುದು ಒಂದೇ ಮಾತು: ಈ ಪೇಪರ್ ಇಷ್ಟು ಸಲ ಯಾರಿಗೋ ಬೇಕಾಯಿತು. ಯಾಕೆ ಬೇಕಾಯಿತು, ಈ ಸಂಶೋಧಕರ ಪಾಲು ಅದರಲ್ಲಿ ಎಷ್ಟು ಎಂಬುದನ್ನು ಪಟ್ಟಿಯನ್ನು ಒಂದೊಂದಾಗಿ ಬಿಡಿಸಿ ನೋಡಿಯೇ ತಿಳಿಯಬೇಕು. ಒಂದು ಖಾಲಿ ಸ್ಪ್ರೆಡ್‌ಶೀಟ್ ತೆರೆದುಕೊಂಡು ಶುರು ಮಾಡಿ.

ಹಂತ 1: ಇದು ಅದೇ ವ್ಯಕ್ತಿಯಾ, ಖಚಿತ ಮಾಡಿಕೊಳ್ಳಿ

ಬೇಸರದ ಕೆಲಸ, ಆದರೆ ಬಿಡುವಂತಿಲ್ಲ. ಒಂದೇ ಹೆಸರಿನ ಇಬ್ಬರು, ಮೂವರು ಇರುವುದು ಮಾಮೂಲು. ಜೀವವಿಜ್ಞಾನ, ವೈದ್ಯಕೀಯ ಪೇಪರ್‌ಗಳನ್ನು ಹುಡುಕುವ ಪಬ್‌ಮೆಡ್‌ನಲ್ಲಿ 2002ಕ್ಕಿಂತ ಹಳೆಯ ಪೇಪರ್‌ಗಳಿಗೆ ಲೇಖಕರ ಪೂರ್ತಿ ಹೆಸರು ಸಿಗುವುದು ಕಷ್ಟ. ಅಡ್ಡಹೆಸರು ಮತ್ತು ಇನಿಷಿಯಲ್ ಮಾತ್ರ ಇರುತ್ತವೆ. ಮದುವೆಯ ನಂತರ ಹೆಸರು ಬದಲಾದವರು, ಇನಿಷಿಯಲ್ಲನ್ನು ಒಮ್ಮೆ ಮುಂದೆ ಒಮ್ಮೆ ಹಿಂದೆ ಹಾಕುವವರು, ಇವರ ಪಟ್ಟಿಯೆಲ್ಲ ಎರಡು ಮೂರು ಕಡೆ ಹಂಚಿಹೋಗಿರುತ್ತದೆ.

ಮೊದಲು ಆರ್ಕಿಡ್ ಸಂಖ್ಯೆ ಹುಡುಕಿ. 2012ರಿಂದ ಜಾರಿಯಲ್ಲಿರುವ 16 ಅಂಕಿಯ ಗುರುತು ಅದು. ಒಬ್ಬರಿಗೆ ಒಂದೇ. ಆದರೆ ಆ ಪುಟವನ್ನು ತುಂಬಿಸುವವರು ಬಹುಮಟ್ಟಿಗೆ ಸಂಶೋಧಕರೇ. ಸೋಮಾರಿತನ ಮಾಡಿದವರ ಪುಟದಲ್ಲಿ ಐದು ಪೇಪರ್ ಇದ್ದು, ನಿಜವಾಗಿ ಐವತ್ತು ಇರಬಹುದು.

ಗೂಗಲ್ ಸ್ಕಾಲರ್ ಪುಟದ ಕಾಯಿಲೆ ಇದಕ್ಕೆ ತದ್ವಿರುದ್ಧ. ಹೊಸ ಪೇಪರ್‌ಗಳು ತಾವಾಗಿಯೇ ಸೇರಿಕೊಳ್ಳುವಂತೆ ಬಿಟ್ಟಿದ್ದರೆ, ಅದೇ ಹೆಸರಿನ ಬೇರೆಯವರ ಕೆಲಸವೂ ಬಂದು ಕೂರುತ್ತದೆ. ಯೀಸ್ಟ್ ಜೀನ್‌ಗಳ ಮೇಲೆ ಕೆಲಸ ಮಾಡುವವರ ಪಟ್ಟಿಯಲ್ಲಿ ಕಾಂಕ್ರೀಟ್ ಬಾಳಿಕೆಯ ಪೇಪರ್ ಕಂಡರೆ ಗಾಬರಿ ಬೇಡ, ಮೋಸ ಅಂತಲೂ ಅಂದುಕೊಳ್ಳಬೇಡಿ. ಸುಮ್ನೆ ತೆಗೆದುಹಾಕಿ ಮುಂದೆ ಹೋಗಿ. ಅನುಮಾನ ಬಂದ ಕಡೆ ಮೂರು ವಿಷಯ ತಾಳೆ ನೋಡಿ: ಆ ವರ್ಷ ಅವರಿದ್ದ ಸಂಸ್ಥೆ, ಜೊತೆ ಲೇಖಕರು, ಕೆಲಸದ ವಿಷಯ. ಮೂರರಲ್ಲಿ ಎರಡಾದರೂ ಹೊಂದಬೇಕು.

ಹಂತ 2: ಪೇಪರ್‌ಗಳನ್ನು ಜಾತಿವಾರು ಬೇರೆ ಮಾಡಿ

ಪಟ್ಟಿಯಲ್ಲಿರುವುದೆಲ್ಲ ಒಂದೇ ಬಗೆಯದಲ್ಲ. ಸ್ಪ್ರೆಡ್‌ಶೀಟ್‌ನಲ್ಲಿ ಪ್ರತಿ ಸಾಲಿಗೂ ಒಂದು ಗುರುತು ಹಾಕಿ: ಮೂಲ ಸಂಶೋಧನೆ, ರಿವ್ಯೂ, ವಿಧಾನದ ಪೇಪರ್, ಪ್ರಿಪ್ರಿಂಟ್, ತಿದ್ದುಪಡಿ, ಸಂಪಾದಕೀಯ ಅಥವಾ ಟಿಪ್ಪಣಿ.

ರಿವ್ಯೂ ಲೇಖನಗಳ ಮೇಲೆ ಕಣ್ಣಿಡಿ. ಬೇರೆಯವರು ಮಾಡಿದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಬರೆಯುವ ಲೇಖನ ಅದು. ಪೀಠಿಕೆ ಬರೆಯುವವರಿಗೆ ಹತ್ತು ಮೂಲ ಪೇಪರ್ ಹೆಸರಿಸುವ ಬದಲು ಒಂದು ರಿವ್ಯೂ ಹೆಸರಿಸಿದರೆ ಕೆಲಸ ಸುಲಭ. ಹಾಗಾಗಿ ಒಳ್ಳೆಯ ರಿವ್ಯೂ ಬೇಗ ಸೈಟೇಶನ್ ಬಾಚಿಕೊಳ್ಳುತ್ತದೆ. ತಪ್ಪೇನಿಲ್ಲ, ಒಳ್ಳೆಯ ರಿವ್ಯೂ ಬರೆಯಲು ವಿಷಯದ ಮೇಲೆ ಹಿಡಿತ ಬೇಕು. ಆದರೆ ಲ್ಯಾಬ್ ಏನು ಕಂಡುಹಿಡಿಯಿತು ಎಂಬ ಪ್ರಶ್ನೆಗೆ ಅದು ಉತ್ತರವಲ್ಲ.

ಪ್ರಿಪ್ರಿಂಟ್‌ಗಳದ್ದು ಬೇರೆ ತೊಡಕು. 2013ರಲ್ಲಿ ಬಯೋಆರ್ಕೈವ್ ಶುರುವಾದ ಮೇಲೆ, ಜರ್ನಲ್‌ನಲ್ಲಿ ಬರುವ ಮೊದಲೇ ಪೇಪರನ್ನು ಅಲ್ಲಿ ಹಾಕುವುದು ಜೀವಶಾಸ್ತ್ರದಲ್ಲಿ ರೂಢಿಯಾಯಿತು. ಪ್ರಿಪ್ರಿಂಟ್‌ಗೆ ಒಂದು ಡಿಒಐ (ಪೇಪರ್‌ನ ಕಾಯಂ ಗುರುತು ಸಂಖ್ಯೆ), ಜರ್ನಲ್ ಆವೃತ್ತಿಗೆ ಇನ್ನೊಂದು. ಅದೇ ಕೆಲಸ ಎರಡು ಸಾಲಾಗಿ ಕಾಣಬಹುದು, ಸೈಟೇಶನ್‌ಗಳೂ ಎರಡು ಕಡೆ ಹಂಚಿಹೋಗಬಹುದು. ಶೀರ್ಷಿಕೆ ಸ್ವಲ್ಪ ಬದಲಾಗಿದ್ದರಂತೂ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕೈಯಾರೆ ಜೋಡಿಸಿ ಒಂದೇ ಸಾಲು ಮಾಡಿ.

ಹಂತ 3: ಹೆಸರು ಎಷ್ಟನೆಯದು?

ಈ ಕ್ಷೇತ್ರದಲ್ಲಿ ಲೇಖಕರ ಕ್ರಮವೇ ಅರ್ಧ ಕಥೆ ಹೇಳುತ್ತದೆ. ಗಣಿತದಲ್ಲಿ ಸಾಮಾನ್ಯವಾಗಿ ಅಕ್ಷರಮಾಲೆಯಂತೆ ಹೆಸರು ಹಾಕುತ್ತಾರೆ. ಇಲ್ಲಿ ಹಾಗಲ್ಲ. ಮೊದಲ ಹೆಸರು ಪ್ರಯೋಗಗಳ ಹೆಚ್ಚಿನ ಭಾರ ಹೊತ್ತವರದ್ದು, ಸಾಮಾನ್ಯವಾಗಿ ಪಿಎಚ್‌ಡಿ ವಿದ್ಯಾರ್ಥಿ ಅಥವಾ ಪೋಸ್ಟ್‌ಡಾಕ್. ಕೊನೆಯ ಹೆಸರು ಲ್ಯಾಬ್ ನಡೆಸುವವರದ್ದು. ಐಡಿಯಾ, ಹಣ, ಹೊಣೆ ಅವರದ್ದು. ನಡುವಿನ ಹೆಸರುಗಳ ಪಾಲು ಎಷ್ಟು ಬೇಕಾದರೂ ಇರಬಹುದು. ಒಂದು ಪ್ರೋಟೀನ್ ರಚನೆಯನ್ನು ಇಡಿಯಾಗಿ ಬಿಡಿಸಿದವರೂ ಅಲ್ಲೇ ಇರುತ್ತಾರೆ, ಒಂದು ಆಂಟಿಬಾಡಿ ಕೊಟ್ಟವರೂ ಅಲ್ಲೇ ಇರುತ್ತಾರೆ.

ಪ್ರತಿ ಸಾಲಿಗೂ ಮೊದಲ, ನಡುವಿನ, ಕೊನೆಯ ಎಂದು ಬರೆದುಕೊಳ್ಳಿ. ಜೊತೆಗೆ ಅಡಿಟಿಪ್ಪಣಿ ತಪ್ಪದೆ ಓದಿ. "ಈ ಇಬ್ಬರ ಕೊಡುಗೆ ಸಮ" ಎಂಬ ಸಾಲು ಇದ್ದರೆ ಎರಡನೇ ಹೆಸರೂ ಮೊದಲ ಲೇಖಕರೇ. ಹುಡುಕಾಟದ ಫಲಿತಾಂಶದಲ್ಲಿ ಇದು ಕಣ್ಣಿಗೆ ಬೀಳುವುದು ಕಡಿಮೆ, ಪೇಪರ್ ತೆರೆದೇ ನೋಡಬೇಕು. ಈಗ ಬಹಳ ಜರ್ನಲ್‌ಗಳು ಯಾರು ಏನು ಮಾಡಿದರು ಎಂದು ಕೊನೆಯಲ್ಲಿ ಹಾಕುತ್ತವೆ. ಕ್ರೆಡಿಟ್ ಎಂಬ ಪದ್ಧತಿಯಲ್ಲಿ ಇದಕ್ಕೆ 14 ಪಾತ್ರಗಳಿವೆ. ಯೋಜನೆ, ಪ್ರಯೋಗ, ಸಾಫ್ಟ್‌ವೇರ್, ಬರವಣಿಗೆ, ಹೀಗೆ. ನಡುವಿನ ಹೆಸರಿನ ಬೆಲೆ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಇನ್ನು ವರ್ಷವಾರು ಜೋಡಿಸಿ ನೋಡಿ. ಮೊದಲ ಲೇಖಕರಾಗಿ ಶುರುವಾಗಿ, ಸ್ವಂತ ಲ್ಯಾಬ್ ಸಿಕ್ಕ ಮೇಲೆ ಕೊನೆಯ ಹೆಸರಿಗೆ ಜಾರುವುದು ಸಹಜ ದಾರಿ. ಆ ತಿರುವಿನಲ್ಲಿ ಎರಡು ಮೂರು ವರ್ಷ ಖಾಲಿ ಕಾಣುವುದೂ ಸಹಜವೇ. ಲ್ಯಾಬ್ ಕಟ್ಟುವುದು, ಫ್ರೀಜರ್ ತರಿಸುವುದು, ವಿದ್ಯಾರ್ಥಿಗಳಿಗೆ ಕೆಲಸ ಕಲಿಸುವುದು, ಇಷ್ಟರಲ್ಲೇ ಕಾಲ ಕಳೆದಿರುತ್ತದೆ. ಹಾಗೆಯೇ ಮಗು ಹುಟ್ಟಿದ ವರ್ಷಗಳು, ಕಾಯಿಲೆಯ ವರ್ಷಗಳು ಪಟ್ಟಿಯಲ್ಲಿ ಬರೀ ಖಾಲಿ ಜಾಗವಾಗಿ ಕಾಣುತ್ತವೆ. ಖಾಲಿಗೆ ಕಾರಣ ಊಹಿಸಿ ಅಂಕ ಕಡಿಯಬೇಡಿ.

ಹಂತ 4: ಸೈಟೇಶನ್ ಸಂಖ್ಯೆ ಒಂದೇ ಕಡೆಯಿಂದ ತೆಗೆದುಕೊಳ್ಳಿ

ಅದೇ ಪೇಪರ್‌ಗೆ ಗೂಗಲ್ ಸ್ಕಾಲರ್ ಒಂದು ಸಂಖ್ಯೆ ಕೊಡುತ್ತದೆ, ಸ್ಕೋಪಸ್ ಇನ್ನೊಂದು, ವೆಬ್ ಆಫ್ ಸೈನ್ಸ್ ಮತ್ತೊಂದು. ಸ್ಕಾಲರ್ ಥೀಸಿಸ್, ಪ್ರಿಪ್ರಿಂಟ್, ಪುಸ್ತಕ ಎಲ್ಲವನ್ನೂ ಎಣಿಸುವುದರಿಂದ ಅಲ್ಲಿ ಸಂಖ್ಯೆ ಸಾಮಾನ್ಯವಾಗಿ ಜಾಸ್ತಿ. ಉಳಿದೆರಡು ಮುಖ್ಯವಾಗಿ ಆಯ್ದ ಜರ್ನಲ್‌ಗಳನ್ನು ನೋಡುತ್ತವೆ, ಪೂರ್ತಿ ಬಳಸಲು ಚಂದಾ ಬೇಕು. ಚಂದಾ ಇಲ್ಲದವರಿಗೆ 2022ರಿಂದ ಓಪನ್‌ಅಲೆಕ್ಸ್ ಇದೆ, ದತ್ತಾಂಶ ಎಲ್ಲರಿಗೂ ಮುಕ್ತ.

ಯಾವುದನ್ನಾದರೂ ಬಳಸಿ, ಆದರೆ ಒಂದನ್ನೇ ಬಳಸಿ. ಒಬ್ಬರಿಗೆ ಸ್ಕಾಲರ್ ಸಂಖ್ಯೆ, ಇನ್ನೊಬ್ಬರಿಗೆ ಸ್ಕೋಪಸ್ ಸಂಖ್ಯೆ ಇಟ್ಟು ಹೋಲಿಸಿದರೆ ಆ ಹೋಲಿಕೆಗೆ ಅರ್ಥವೇ ಇಲ್ಲ. ನೋಡಿದ ದಿನಾಂಕವನ್ನೂ ಬರೆದಿಡಿ.

ಹಂತ 5: ಎಚ್-ಇಂಡೆಕ್ಸ್ ನೀವೇ ಲೆಕ್ಕ ಹಾಕಿ

2005ರಲ್ಲಿ ಭೌತವಿಜ್ಞಾನಿ ಜಾರ್ಜ್ ಹಿರ್ಷ್ ಸೂಚಿಸಿದ ಅಳತೆ ಇದು. ಪೇಪರ್‌ಗಳನ್ನು ಸೈಟೇಶನ್ ಇಳಿಕೆಯ ಕ್ರಮದಲ್ಲಿ ಜೋಡಿಸಿ, ಮೇಲಿನಿಂದ ಎಣಿಸುತ್ತಾ ಬನ್ನಿ. ಕ್ರಮಸಂಖ್ಯೆಗೆ ಸಮನಾಗಿ ಅಥವಾ ಹೆಚ್ಚು ಸೈಟೇಶನ್ ಇರುವ ಕೊನೆಯ ಸಾಲಿನ ಕ್ರಮಸಂಖ್ಯೆಯೇ ಎಚ್-ಇಂಡೆಕ್ಸ್.

ಕೈಯಲ್ಲಿ ಮಾಡಿ ನೋಡಿದರೆ ಇದರ ಗುಟ್ಟು ಗೊತ್ತಾಗುತ್ತದೆ. ಒಬ್ಬ ಸಂಶೋಧಕಿ ಇದ್ದಾರೆ ಅಂದುಕೊಳ್ಳಿ. 12 ಪೇಪರ್. ಸೈಟೇಶನ್‌ಗಳು ಹೀಗಿವೆ: 210, 96, 64, 41, 33, 18, 12, 9, 8, 5, 3, 0. ಒಟ್ಟು 499. ಎಂಟನೇ ಪೇಪರ್‌ಗೆ 9 ಇದೆ, ಸರಿ. ಒಂಬತ್ತನೆಯದಕ್ಕೆ 8 ಮಾತ್ರ, ಸಾಲದು. ಹಾಗಾಗಿ ಎಚ್-ಇಂಡೆಕ್ಸ್ 8. ಹತ್ತು ಅಥವಾ ಹೆಚ್ಚು ಸೈಟೇಶನ್ ಇರುವವು ಏಳು, ಅದೇ ಐ10-ಇಂಡೆಕ್ಸ್. ಸರಾಸರಿ ತೆಗೆದರೆ ಪೇಪರ್‌ಗೆ ಸುಮಾರು 42. ಆದರೆ ಮಧ್ಯಾಂಕ ನೋಡಿ, 18 ಮತ್ತು 12ರ ನಡುವೆ, ಅಂದರೆ 15. ಸರಾಸರಿಯನ್ನು ಮೇಲಿನ ಎರಡು ಪೇಪರ್‌ಗಳೇ ಎತ್ತಿಹಿಡಿದಿವೆ.

ಈಗ ಹಂತ 2 ಮತ್ತು 3ರ ಗುರುತುಗಳನ್ನು ಪಕ್ಕದಲ್ಲಿಡಿ. 210 ಬಂದದ್ದು ರಿವ್ಯೂಗೆ. 96 ಬಂದದ್ದು ನಲವತ್ತು ಲೇಖಕರ ಒಂದು ದೊಡ್ಡ ಜೀನೋಮ್ ಯೋಜನೆಗೆ, ಇವರ ಹೆಸರು ನಡುವೆ ಎಲ್ಲೋ ಇದೆ. ಈ ಎರಡನ್ನು ಪಕ್ಕಕ್ಕಿಟ್ಟರೆ ಒಟ್ಟು ಸೈಟೇಶನ್ 499ರಿಂದ 193ಕ್ಕೆ ಬೀಳುತ್ತದೆ, ಅರ್ಧಕ್ಕಿಂತ ಕಡಿಮೆ. ಎಚ್-ಇಂಡೆಕ್ಸ್? 8ರಿಂದ 7ಕ್ಕೆ, ಅಷ್ಟೇ. ಅಂದರೆ ತುದಿಯ ಪೇಪರ್‌ಗಳು ಎಷ್ಟು ದೊಡ್ಡವು ಎಂಬುದು ಎಚ್-ಇಂಡೆಕ್ಸ್‌ಗೆ ಲೆಕ್ಕಕ್ಕೇ ಇಲ್ಲ. ಇದು ಅದರ ಬಲವೂ ಹೌದು, ದೌರ್ಬಲ್ಯವೂ ಹೌದು. ಒಂದೇ ರಿವ್ಯೂನಿಂದ ಉಬ್ಬುವುದಿಲ್ಲ. ಹಾಗೆಯೇ ಕ್ಷೇತ್ರವನ್ನೇ ಬದಲಿಸಿದ ಒಂದು ಪೇಪರ್ ಬರೆದವರನ್ನೂ ಗುರುತಿಸುವುದಿಲ್ಲ.

ನಿಜವಾದ ಮಾಹಿತಿ ಇರುವುದು ಕೆಳಗೆ. 64 ಬಂದದ್ದು ಅವರು ಮೊದಲ ಲೇಖಕಿಯಾಗಿದ್ದ ಪಿಎಚ್‌ಡಿ ಪೇಪರ್‌ಗೆ. 41 ಮತ್ತು 18 ಅವರ ಸ್ವಂತ ಲ್ಯಾಬ್‌ನಿಂದ ಬಂದವು, ಹೆಸರು ಕೊನೆಯಲ್ಲಿದೆ. ಇವರನ್ನು ತಿಳಿಯಬೇಕಾದರೆ ಓದಬೇಕಾದ್ದು ಈ ಮೂರು. ಕೋಷ್ಟಕ ಮೊದಲು ತೋರಿಸುವುದು ಇವುಗಳನ್ನಲ್ಲ.

ಇನ್ನೊಂದು ಮಾತು. ಎಚ್-ಇಂಡೆಕ್ಸ್ ಇಳಿಯುವುದಿಲ್ಲ, ಏರುತ್ತಲೇ ಇರುತ್ತದೆ. ನಿವೃತ್ತರಾದ ಮೇಲೂ ಏರಬಹುದು. ಮೂವತ್ತು ವರ್ಷ ಕೆಲಸ ಮಾಡಿದವರನ್ನೂ ಆರು ವರ್ಷದವರನ್ನೂ ಇದರಿಂದ ಅಳೆದರೆ ನೀವು ಅಳೆಯುತ್ತಿರುವುದು ವಯಸ್ಸನ್ನು.

ಹಂತ 6: ಕ್ಷೇತ್ರಕ್ಕೂ ವರ್ಷಕ್ಕೂ ತಕ್ಕಂತೆ ಸರಿಹೊಂದಿಸಿ

ಕ್ಯಾನ್ಸರ್ ಜೀನ್‌ಗಳ ಮೇಲೆ ಸಾವಿರಾರು ಲ್ಯಾಬ್‌ಗಳಿವೆ. ಒಂದು ಅಪರೂಪದ ಆರ್ಕಿಯಾದ (ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿ) ಟಿಆರ್‌ಎನ್‌ಎ ಮೇಲೆ ಕೆಲಸ ಮಾಡುವವರು ಬೆರಳೆಣಿಕೆ. ಎರಡನೆಯವರ 40 ಸೈಟೇಶನ್ ಮೊದಲನೆಯವರ 400ಕ್ಕೆ ಸಮ ಇರಬಹುದು. ಇದನ್ನು ಸರಿದೂಗಿಸಲು ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಎನ್‌ಐಎಚ್ 2016ರಲ್ಲಿ ಆರ್‌ಸಿಆರ್ (ಸಾಪೇಕ್ಷ ಸೈಟೇಶನ್ ಅನುಪಾತ) ಎಂಬ ಅಳತೆ ತಂದಿತು. ಐಸೈಟ್ ಎಂಬ ಅವರ ಜಾಲತಾಣದಲ್ಲಿ ಪಬ್‌ಮೆಡ್ ಸಂಖ್ಯೆಗಳನ್ನು ಹಾಕಿದರೆ ಉಚಿತವಾಗಿ ಸಿಗುತ್ತದೆ.

ಒಂದು ಪೇಪರ್ ಜೊತೆ ಒಟ್ಟಿಗೆ ಸೈಟ್ ಆಗುವ ಇತರ ಪೇಪರ್‌ಗಳನ್ನೇ ಅದರ ಕ್ಷೇತ್ರ ಎಂದು ಇದು ಪರಿಗಣಿಸುತ್ತದೆ. ಆರ್‌ಸಿಆರ್ 1 ಅಂದರೆ ಆ ಕ್ಷೇತ್ರದ, ಆ ವರ್ಷದ, ಎನ್‌ಐಎಚ್ ಹಣ ಪಡೆದ ನಡುಮಟ್ಟದ ಪೇಪರ್‌ಗೆ ಸಮ. 2 ಅಂದರೆ ಅದರ ಎರಡರಷ್ಟು. ನನ್ನ ಮಟ್ಟಿಗೆ, ಒಂದೇ ಅಂಕಿ ನೋಡಲೇಬೇಕು ಅಂದರೆ ಇದನ್ನು ಪೇಪರ್‌ವಾರು ನೋಡುವುದು ವಾಸಿ. ಆದರೆ ತೀರಾ ಹೊಸ ಪೇಪರ್‌ಗೆ ನೆಚ್ಚಬೇಡಿ. ಕಳೆದ ಒಂದೆರಡು ವರ್ಷದ ಕೆಲಸಕ್ಕೆ ಯಾವ ಸೈಟೇಶನ್ ಅಳತೆಯೂ ಏನನ್ನೂ ಹೇಳಲಾರದು.

ಹಂತ 7: ಜರ್ನಲ್ ಹೆಸರಿಗೆ ಮರುಳಾಗಬೇಡಿ

ಇಂಪ್ಯಾಕ್ಟ್ ಫ್ಯಾಕ್ಟರ್ ಜರ್ನಲ್‌ನ ಅಂಕಿ, ಪೇಪರ್‌ನದ್ದಲ್ಲ, ವ್ಯಕ್ತಿಯದ್ದಂತೂ ಅಲ್ಲವೇ ಅಲ್ಲ. ಹಿಂದಿನ ಎರಡು ವರ್ಷ ಪ್ರಕಟವಾದವುಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳನ್ನು ಆ ಎರಡು ವರ್ಷದ ಲೇಖನಗಳ ಸಂಖ್ಯೆಯಿಂದ ಭಾಗಿಸಿದರೆ ಅದು ಬರುತ್ತದೆ. ಸರಾಸರಿ ಹೇಗೆ ಮೋಸ ಮಾಡುತ್ತದೆ ಎನ್ನಲು ಒಂದೇ ಉದಾಹರಣೆ ಸಾಕು. ಆಕ್ಟಾ ಕ್ರಿಸ್ಟಲೋಗ್ರಫಿಕಾ ಎ ಎಂಬ ಜರ್ನಲ್‌ನ ಅಂಕಿ ಸುಮಾರು 2 ಇತ್ತು. 2009ರಲ್ಲಿ ಅದು ಏಕಾಏಕಿ 50ರ ಹತ್ತಿರ ಹಾರಿತು. ಕಾರಣ, 2008ರಲ್ಲಿ ಷೆಲ್ಡ್ರಿಕ್ ಬರೆದ ಒಂದೇ ಒಂದು ಪೇಪರ್. ಹರಳುಗಳ ರಚನೆ ಬಿಡಿಸುವವರೆಲ್ಲ ಬಳಸುವ ಷೆಲೆಕ್ಸ್ ಸಾಫ್ಟ್‌ವೇರ್‌ನ ಕಥೆ ಅದು. ಪಕ್ಕದ ಪೇಪರ್‌ಗಳು ಇದ್ದಲ್ಲೇ ಇದ್ದವು.

ಉಲ್ಟಾ ಉದಾಹರಣೆಯೂ ಇದೆ. ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಕ್ರಿಸ್ಪರ್ ತುಣುಕುಗಳ ನಡುವೆ ವೈರಸ್‌ಗಳ ಡಿಎನ್‌ಎ ಇದೆ, ಅದು ರಕ್ಷಣಾ ವ್ಯವಸ್ಥೆ ಇರಬೇಕು ಎಂದು ಫ್ರಾನ್ಸಿಸ್ಕೊ ಮೊಹಿಕಾ ತಂಡ ಹೇಳಿದ ಪೇಪರನ್ನು ದೊಡ್ಡ ಜರ್ನಲ್‌ಗಳು ವಾಪಸ್ ಕಳಿಸಿದವು. ಕೊನೆಗೆ 2005ರಲ್ಲಿ ಅದು ಬಂದದ್ದು ಜರ್ನಲ್ ಆಫ್ ಮಾಲಿಕ್ಯುಲರ್ ಎವಲ್ಯೂಷನ್‌ನಲ್ಲಿ. ಅದೇ ವರ್ಷ ಕ್ಯಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ ಮುಂದೆ ಕೋವಿಡ್ ಲಸಿಕೆಗೆ ದಾರಿ ಮಾಡಿದ ಎಂಆರ್‌ಎನ್‌ಎ ಬಗ್ಗೆ ಇಮ್ಯುನಿಟಿ ಎಂಬ ಜರ್ನಲ್‌ನಲ್ಲಿ ಬರೆದರು. ಆ ಪೇಪರ್‌ಗೆ ಸೈಟೇಶನ್ ನುಗ್ಗಿ ಬಂದದ್ದು 2020ರ ನಂತರ, ನೊಬೆಲ್ ಬಂದದ್ದು 2023ರಲ್ಲಿ.

ಜರ್ನಲ್ ಅಂಕಿಯಿಂದ ವ್ಯಕ್ತಿಯನ್ನು ತೂಗಬಾರದು ಎಂಬ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಹುಟ್ಟಿದ್ದು 2012ರಲ್ಲಿ, ಜೀವಕೋಶ ಶಾಸ್ತ್ರಜ್ಞರ ಸಭೆಯಲ್ಲೇ. ಡೋರಾ ಎಂದು ಕರೆಯುತ್ತಾರೆ. ಸಹಿ ಹಾಕಿದ ಸಂಸ್ಥೆಗಳು ಬಹಳ. ಪಾಲಿಸುವವರು ಎಷ್ಟು ಅಂತ ಮಾತ್ರ ಕೇಳಬೇಡಿ.

ಹಂತ 8: ಯಾರು, ಯಾಕೆ ಸೈಟ್ ಮಾಡಿದ್ದಾರೆ?

ಸಮಯ ಕಡಿಮೆ ಇದ್ದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಅವರ ಮುಖ್ಯ ಪೇಪರ್ ಒಂದನ್ನು ಆರಿಸಿ, ಅದನ್ನು ಸೈಟ್ ಮಾಡಿದವರ ಪಟ್ಟಿ ತೆರೆಯಿರಿ. ಇಪ್ಪತ್ತು ಪೇಪರ್ ಆಯ್ದುಕೊಳ್ಳಿ. ಮೇಲಿನ ಇಪ್ಪತ್ತೇ ಬೇಡ, ಅಲ್ಲಲ್ಲಿಂದ ತೆಗೆಯಿರಿ. ಪ್ರತಿಯೊಂದರಲ್ಲೂ ಆ ಹೆಸರು ಎಲ್ಲಿ ಬರುತ್ತದೆ ಹುಡುಕಿ.

ಪೀಠಿಕೆಯಲ್ಲಿ ಎಂಟು ಹತ್ತು ಉಲ್ಲೇಖಗಳ ಗುಂಪಿನೊಳಗೆ ಒಂದಾಗಿ ಬಂದಿದ್ದರೆ, ಅದು ನಮಸ್ಕಾರ ಹೇಳಿ ಹೋದ ಹಾಗೆ. ವಿಧಾನದ ಭಾಗದಲ್ಲಿ ಬಂದಿದ್ದರೆ, ಅವರ ಪ್ಲಾಸ್ಮಿಡ್ಡೋ (ಜೀನ್ ಸಾಗಿಸುವ ಡಿಎನ್‌ಎ ಉಂಗುರ) ಪ್ರೋಟೊಕಾಲೋ ಬಳಕೆಯಲ್ಲಿದೆ ಎಂದರ್ಥ. ಫಲಿತಾಂಶ ಅಥವಾ ಚರ್ಚೆಯ ಭಾಗದಲ್ಲಿ, "ಇವರು ಕಂಡದ್ದನ್ನೇ ನಾವು ಇಲಿಯ ಜೀವಕೋಶದಲ್ಲೂ ಕಂಡೆವು" ಎಂದಿದ್ದರೆ ಅದಕ್ಕೆ ತೂಕ ಜಾಸ್ತಿ. "ಇವರ ಫಲಿತಾಂಶ ನಮಗೆ ಸಿಗಲಿಲ್ಲ" ಎಂದಿದ್ದರೂ ಅದು ಒಂದು ಸೈಟೇಶನ್ ಆಗಿಯೇ ಎಣಿಕೆಯಾಗುತ್ತದೆ, ಅಲ್ವಾ?

ಸ್ವಂತ ಉಲ್ಲೇಖಗಳನ್ನೂ ನೋಡಿ. ಸ್ಕೋಪಸ್ ಮತ್ತು ವೆಬ್ ಆಫ್ ಸೈನ್ಸ್‌ನಲ್ಲಿ ಅವುಗಳನ್ನು ಬಿಟ್ಟು ಎಣಿಸುವ ಆಯ್ಕೆ ಇದೆ. ಒಂದೇ ಪ್ರೋಟೀನ್ ಹಿಂದೆ ಹದಿನೈದು ವರ್ಷ ಬಿದ್ದವರು ತಮ್ಮ ಹಳೆಯ ಪೇಪರ್ ಹೆಸರಿಸದೆ ಬರೆಯಲು ಆಗುವುದಿಲ್ಲ. ಒಂದಷ್ಟು ಇದ್ದೇ ಇರುತ್ತದೆ. ಆದರೆ ಸೈಟೇಶನ್‌ಗಳಲ್ಲಿ ಹೆಚ್ಚಿನವು ಅದೇ ಮೂರು ನಾಲ್ಕು ಲ್ಯಾಬ್‌ಗಳ ನಡುವೆಯೇ ಸುತ್ತುತ್ತಿದ್ದರೆ, ಹೊರಗಿನವರಿಗೆ ಈ ಕೆಲಸ ಇನ್ನೂ ತಲುಪಿಲ್ಲ ಎಂದು ಬರೆದುಕೊಳ್ಳಿ.

ಸೈಟೇಶನ್‌ನಲ್ಲಿ ಕಾಣದ ಪ್ರಭಾವವೂ ಇದೆ. ಪ್ರೋಟೀನ್ ಸರಪಳಿ ಯಾವ ಕೋನಗಳಲ್ಲಿ ಬಾಗಬಲ್ಲದು ಎಂದು ತೋರಿಸುವ 1963ರ ರಾಮಚಂದ್ರನ್ ನಕ್ಷೆ ಇಲ್ಲದೆ ಪ್ರೋಟೀನ್ ರಚನೆಯ ಮಾತೇ ಇಲ್ಲ. ಆದರೆ ನಕ್ಷೆಯ ಹೆಸರು ಹೇಳಿ ಮೂಲ ಪೇಪರ್ ಉಲ್ಲೇಖಿಸದೆ ಮುಂದೆ ಹೋಗುವವರೇ ಬಹಳ. ಇಂದಿನ ಲ್ಯಾಬ್‌ಗಳ ಮಟ್ಟಿಗೆ, ಅವರ ಪ್ಲಾಸ್ಮಿಡ್‌ಗಳು ಅವುಗಳನ್ನು ಹಂಚುವ ಆಡ್‌ಜೀನ್ ಸಂಸ್ಥೆಯಲ್ಲಿ ಇವೆಯಾ, ರಚನೆಗಳು ಪ್ರೋಟೀನ್ ಡೇಟಾ ಬ್ಯಾಂಕ್‌ನಲ್ಲಿವೆಯಾ, ಆರ್‌ಎನ್‌ಎ ಸೀಕ್ವೆನ್ಸಿಂಗ್ ದತ್ತಾಂಶ ಜಿಇಒ ಎಂಬ ಮುಕ್ತ ಭಂಡಾರದಲ್ಲಿದೆಯಾ ನೋಡಿ. ಪೇಪರ್‌ನ ಕೊನೆಯಲ್ಲಿ ಅದರ ಸಂಖ್ಯೆ ಕೊಟ್ಟಿರುತ್ತಾರೆ. ಆ ಸಂಖ್ಯೆ ಹಾಕಿ, ನಿಜವಾಗಿ ತೆರೆದುಕೊಳ್ಳುತ್ತದಾ ಪರೀಕ್ಷಿಸಿ. "ಕೇಳಿದರೆ ಕೊಡುತ್ತೇವೆ" ಎಂಬ ಸಾಲಿಗಿಂತ ತೆರೆದುಕೊಳ್ಳುವ ಒಂದು ಕಡತ ಮೇಲು.

ಹಂತ 9: ತಿದ್ದುಪಡಿ ಮತ್ತು ರಿಟ್ರಾಕ್ಷನ್

ರಿಟ್ರಾಕ್ಷನ್ ಅಂದರೆ ಪ್ರಕಟವಾದ ಪೇಪರನ್ನು ವಾಪಸ್ ಪಡೆಯುವುದು. ಪಬ್‌ಮೆಡ್‌ನಲ್ಲಿ ಅಂಥ ಪೇಪರ್ ಮೇಲೆ ಎದ್ದುಕಾಣುವ ಸೂಚನೆ ಇರುತ್ತದೆ. ರಿಟ್ರಾಕ್ಷನ್ ವಾಚ್ ದತ್ತಸಂಚಯ 2023ರಿಂದ, ಡಿಒಐ ನೀಡುವ ಕ್ರಾಸ್‌ರೆಫ್ ಸಂಸ್ಥೆಯ ಮೂಲಕ ಎಲ್ಲರಿಗೂ ಸಿಗುತ್ತದೆ. ಪಬ್‌ಪಿಯರ್ ಎಂಬ ಜಾಲತಾಣದಲ್ಲಿ ಓದುಗರ ಆಕ್ಷೇಪಗಳಿರುತ್ತವೆ. ಈ ಕ್ಷೇತ್ರದಲ್ಲಿ ಹೆಚ್ಚಾಗಿ ಚಿತ್ರಗಳದ್ದೇ ತಕರಾರು, ಅದರಲ್ಲೂ ಪ್ರೋಟೀನ್ ಇದೆಯೇ ಎಂದು ತೋರಿಸುವ ಒಂದೇ ವೆಸ್ಟರ್ನ್ ಬ್ಲಾಟ್ ಪಟ್ಟಿ ಎರಡು ಕಡೆ ಕಾಣುವುದು. ಎಲಿಸಬೆತ್ ಬಿಕ್ ಮತ್ತು ಸಂಗಡಿಗರು 20,621 ಪೇಪರ್‌ಗಳ ಚಿತ್ರಗಳನ್ನು ಕಣ್ಣಲ್ಲೇ ಪರಿಶೀಲಿಸಿ 2016ರಲ್ಲಿ ವರದಿ ಮಾಡಿದಾಗ 3.8% ಪೇಪರ್‌ಗಳಲ್ಲಿ ತೊಂದರೆ ಕಂಡಿತ್ತು.

ಆದರೆ ನಿಧಾನಿಸಿ. ಆಕ್ಷೇಪ ಬಂದ ಮಾತ್ರಕ್ಕೆ ತಪ್ಪು ಸಾಬೀತಾಗಿಲ್ಲ. ರಿಟ್ರಾಕ್ಷನ್ ಎಲ್ಲವೂ ಮೋಸವೂ ಅಲ್ಲ. ಕೋಶಗಳು ಬೆರಕೆಯಾಗಿದ್ದವು ಎಂದು ಗೊತ್ತಾಗಿ ತಾವೇ ವಾಪಸ್ ಪಡೆದವರ ಮೇಲೆ ನಂಬಿಕೆ ಹೆಚ್ಚಬೇಕು. ಸೂಚನೆಯನ್ನು ಪೂರ್ತಿ ಓದಿ: ವಾಪಸ್ ಪಡೆಯಲು ಕೇಳಿದ್ದು ಯಾರು, ಕಾರಣ ಏನು, ಲೇಖಕರು ಒಪ್ಪಿದರಾ?

ಹಂತ 10: ಮೂರು ಪೇಪರ್ ಓದಿ, ಟಿಪ್ಪಣಿ ಬರೆಯಿರಿ

ಮೊದಲ ಅಥವಾ ಕೊನೆಯ ಲೇಖಕರಾಗಿರುವ ಮೂರು ಮೂಲ ಸಂಶೋಧನೆಗಳನ್ನು ಓದಿ, ಒಂದೊಂದಕ್ಕೆ ಎರಡು ಸಾಲು ಬರೆಯಿರಿ. ಪ್ರಶ್ನೆ ಏನು, ಉತ್ತರ ಸಿಕ್ಕಿತಾ. ಆಮೇಲೆ ಅಂಕಿಗಳು. ಮೇಲಿನ ಸಂಶೋಧಕಿಗಾದರೆ ಹೀಗೆ ಬರೆಯಬಹುದು:

"12 ಪೇಪರ್, ಇಂಥ ದಿನ ಸ್ಕೋಪಸ್ ಪ್ರಕಾರ 499 ಸೈಟೇಶನ್. ಅದರಲ್ಲಿ 306 ಒಂದು ರಿವ್ಯೂ ಮತ್ತು ಒಂದು ಬಹುಲೇಖಕ ಯೋಜನೆಗೆ ಸೇರಿದ್ದು. ಸ್ವತಂತ್ರ ಲ್ಯಾಬ್‌ನ ಎರಡು ಮುಖ್ಯ ಪೇಪರ್‌ಗಳಿಗೆ 41 ಮತ್ತು 18. ಮೊದಲನೆಯದನ್ನು ಎರಡು ಹೊರಗಿನ ಲ್ಯಾಬ್‌ಗಳು ಪುನಃ ಮಾಡಿ ದೃಢಪಡಿಸಿವೆ. ದತ್ತಾಂಶ ಮುಕ್ತವಾಗಿದೆ."

ಈ ಐದು ಸಾಲು ಕೈಯಲ್ಲಿದ್ದರೆ "ಎಚ್-ಇಂಡೆಕ್ಸ್ 8" ಎಂಬುದನ್ನು ಬರೆಯದಿದ್ದರೂ ನಡೆಯುತ್ತದೆ.

ಲ್ಯಾಬ್ ಸೇರಲು ಹೊರಟವರಿಗೆ ಇದೇ ಸ್ಪ್ರೆಡ್‌ಶೀಟ್‌ನಿಂದ ಇನ್ನೊಂದು ಉಪಯೋಗ ಇದೆ. ನಿಮ್ಮ ಗೈಡ್ ಆಗುವವರು ಕೊನೆಯ ಲೇಖಕರಾಗಿರುವ ಪೇಪರ್‌ಗಳನ್ನು ಮಾತ್ರ ಬೇರೆ ತೆಗೆಯಿರಿ. ಅವುಗಳ ಮೊದಲ ಹೆಸರುಗಳನ್ನು ಒಂದು ಪಟ್ಟಿ ಮಾಡಿ. ಲ್ಯಾಬ್‌ನ ಜಾಲಪುಟದಲ್ಲಿರುವ ಹಳೆಯ ವಿದ್ಯಾರ್ಥಿಗಳ ಹೆಸರಿನ ಜೊತೆ ತಾಳೆ ಹಾಕಿ. ಎಷ್ಟು ಜನರಿಗೆ ಮೊದಲ ಲೇಖಕರಾಗಿ ಒಂದಾದರೂ ಪೇಪರ್ ಬಂದಿದೆ? ಸೇರಿದ ವರ್ಷಕ್ಕೂ ಪೇಪರ್ ಬಂದ ವರ್ಷಕ್ಕೂ ಅಂತರ ಎಷ್ಟು? ಎಲ್ಲ ಒಳ್ಳೆಯ ಪೇಪರ್‌ಗಳಲ್ಲೂ ಅದೇ ಒಬ್ಬ ಪೋಸ್ಟ್‌ಡಾಕ್ ಹೆಸರು ಮುಂದಿದ್ದು, ವಿದ್ಯಾರ್ಥಿಗಳೆಲ್ಲ ನಡುವೆಯೇ ಉಳಿದಿದ್ದಾರಾ? ಬಿಟ್ಟುಹೋದವರಲ್ಲಿ ಇಬ್ಬರಿಗೆ ಮೇಲ್ ಬರೆದು ಕೇಳಿ. ಒಬ್ಬರು ಪೇಪರ್ ಬಂದವರಾಗಿರಲಿ, ಇನ್ನೊಬ್ಬರು ಬರದವರು.